ವಸಡು ನೋಡುವ ಚೌಡರೆಡ್ಡಿ

ನಾಯಿಯ ಮೂಗಿನಲ್ಲಿ ರಕ್ತ ಸುರಿದರೆ ರಾಯಲ್ಪಾಡು ಕಡೆಯ ಜನರೆಲ್ಲ ‘ಉಷ್ಣ’ ಅನ್ನುತ್ತಾರೆ. ದನದ ಡಾಕ್ಟರು ಚೌಡರೆಡ್ಡಿ ಮಾತ್ರ ಬೈಕಿನಿಂದ ಇಳಿಯುವ ಮೊದಲೇ, ‘ಇಲಿಪಾಷಾಣ ಎಲ್ಲಿಟ್ಟಿದ್ರಿ?’ ಅನ್ನುತ್ತಾರೆ. ‘ಅಯ್ಯೋ, ನಾವಿಟ್ಟೇ ಇಲ್ಲ ಸಾರ್’ ಎನ್ನದ ಮನೆ ಈ ಹೋಬಳಿಯಲ್ಲಿಲ್ಲ, ಅದನ್ನು ಅವರು ನಂಬಿದ ದಿನವೂ ಇಲ್ಲ. ನೇರ ರೇಷ್ಮೆಹುಳು ಸಾಕುವ ಮನೆಗೆ ನುಗ್ಗಿ, ಇಲಿಗಳು ಹುಳು ತಿನ್ನಲು ಬರುವ ತಟ್ಟೆಗಳ ಕೆಳಗೆ ಮಂಡಿಯೂರಿ ತಡಕಾಡಿ, ವಿಷದ ಕೇಕಿನ ನೀಲಿ ಚೂರು ಹಿಡಿದುಕೊಂಡೇ ಹೊರಬರುತ್ತಾರೆ. ಎಂಥ ಕಚ್ಚುವ ನಾಯಿಯೂ ಅವರೆದುರು ತಾನಾಗಿ ತುಟಿಯೆತ್ತಿ ಬಿಳಿಚಿದ ವಸಡು ತೋರಿಸುತ್ತದೆ. ರಕ್ತ ಹೆಪ್ಪುಗಟ್ಟಲೆಂದು ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು, ‘ರಕ್ತ ನಿಂತ್ರೂ ವಿಷ ಒಳಗೇ ಇರುತ್ತೆ ಕಣಮ್ಮ, ಒಂದು ತಿಂಗಳು ಮಾತ್ರೆ ತಪ್ಪಿಸ್ಬೇಡ’ ಎಂದು ಮೂರು ಸಲ ಹೇಳುತ್ತಾರೆ. ನಾಲ್ಕನೆಯ ಸಲ ಹೇಳಲು ಫೋನ್ ಮಾಡುತ್ತಾರೆ. ಹೊರಡುವ ಮುನ್ನ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅವರ ವಸಡನ್ನೂ ನೋಡುತ್ತಾರೆ. ‘ದನದ ಡಾಕ್ಟ್ರಿಗೆ ಇದೆಲ್ಲ ಯಾಕೆ?’ ಎಂದು ಜನ ನಗುತ್ತಾರೆ. ಹನ್ನೊಂದು ವರ್ಷದ ಹಿಂದೆ ಹೀಗೇ ಒಂದು ನಾಯಿಯನ್ನು ನೋಡುತ್ತಿದ್ದಾಗ, ‘ನಮ್ಮ ಪಾಪುಗೂ ನಿನ್ನೆ ಮೂಗಲ್ಲಿ ರಕ್ತ ಬಂತು ಸಾರ್’ ಎಂದ ತಾಯಿಗೆ, ‘ಬೇಸಿಗೆ ಅಲ್ವಾ, ಉಷ್ಣ’ ಎಂದವರು ಇದೇ ಚೌಡರೆಡ್ಡಿ. ನಾಯಿ ಮಾತ್ರ ಉಳಿಯಿತು. ಆ ಮನೆಯ ಬೀದಿ ಬಂದರೆ ಅವರು ಇವತ್ತಿಗೂ ಬೈಕ್ ಆಫ್ ಮಾಡಿ, ಸದ್ದಾಗದಂತೆ ತಳ್ಳಿಕೊಂಡು ಹೋಗುತ್ತಾರೆ.