ಔಷಧಿ ಡಬ್ಬಿ ಅಂದ ಬಾಯಿ

ಎಲ್ಲಾ ಭಕ್ತರಿಗೂ ಶರಣಾರ್ಥಿ. ಹೋದ ಚಳಿಗಾಲದಾಗ ಸಮುದ್ರದ ದಂಡಿಗೆ ಸೈಕಲ್ ಪ್ರವಾಸ ಹೋದಾಗ ನಾ ನನ್ನ ಇಷ್ಟಲಿಂಗ ಕಳ್ಕೊಂಡೆ. ಕಳೀತು ಅಂತ ಹೇಳಲಾಕೂ ಬಾಯಿ ಇರಲಿಲ್ಲ, ಯಾಕಂದ್ರ ಕೊರಳಾಗಿಂದ ತಗದಾಕಿ ನಾನೇ. ಬರೀಲಾಕ ನಾಚಿಕಿ ಆಗ್ತದ. ಗುರುಗಳು "ನಾಲ್ಕು ಮಂದಿ ಮುಂದ ಹೇಳವ್ವ, ಹಗುರ ಆಗ್ತೀ" ಅಂದದ್ದಕ್ಕ ಬರೀತೇನಿ.

ಆಳಂದದಾಗ ನಂದೊಂದು ಔಷಧಿ ಅಂಗಡಿ. ನಮ್ಮ ಮನಿಯವ್ರು ಹೈಸ್ಕೂಲ್ ಮಾಸ್ತರ್ರು. ದಿನಾ ಮುಂಜಾನೆ ಜಿಡಗಾ ರಸ್ತಾದಾಗ ಸೈಕಲ್ ಹೊಡಿಯೂ ಚಟ ಇಬ್ಬರಿಗೂ ಅದ. ಕಾರವಾರದಿಂದ ಮುರ್ಡೇಶ್ವರತನ ಗುಂಪು ಕಟ್ಟಿ ಆರಾಮ ಸೈಕಲ್ ಮ್ಯಾಲ ಕರ್ಕೊಂಡು ಹೋಗ್ತಾರಂತ ತಿಳಿದು, ಕಲಬುರಗಿಯಾಗ ಹುಬ್ಬಳ್ಳಿ ಬಸ್ ಹತ್ತಿದ್ವಿ. ಮುಂದ ಕಾರವಾರ. ಬಲಕ್ಕ ಸಮುದ್ರ, ಎಡಕ್ಕ ಗುಡ್ಡ. ತೊಗರಿ ಹೊಲ ಬಿಟ್ಟು ಬ್ಯಾರೆ ಹಸಿರು ನೋಡದ ನನಗ ಕಾಲು ನೋಯೂದೂ ತಿಳೀಲಿಲ್ಲ.

ಗುಂಪಿನಾಗ ಪುಣೆದಾಕಿ ಒಬ್ಬಾಕಿ ನನ್ನ ಜೋಡಿನೇ ಬರ್ತಿದ್ಳು. ಕುಮಟಾ ದಾಟಿ ಚಹಾಕ್ಕ ನಿಂತಾಗ, ನನ್ನ ಟೀಶರ್ಟಿನ ಒಳಗ ಉಬ್ಬಿದ್ದ ಬೆಳ್ಳಿ ಕರಡಿಗಿ ನೋಡಿ "ಅದೇನು?" ಅಂತ ಮರಾಠಿಯಾಗ ಕೇಳಿದ್ಳು. ಒಳಗ ನನ್ನ ಲಿಂಗ ಅದ ಅನ್ನಲಾಕ ನನಗೇನು ದಾಡಿ ಆಗಿತ್ತೋ. "ಔಷಧಿ ಡಬ್ಬಿ, ನನಗ ದಮ್ಮಿನ ತ್ರಾಸ ಅದ" ಅಂದೆ. ಮನಿಯವ್ರು ನನ್ನ ಮಾರಿ ನೋಡಿ, ಚಹಾದ ರೊಕ್ಕ ಕೊಡಲಾಕ ಎದ್ದು ಹೋದ್ರು.

ಮಧ್ಯಾಹ್ನ ತೆರಿಯಾಗ ತೊಯ್ಸ್ಕೊಂಡಿದ್ವಿ. ಮೀನು ಮಾರೂ ಒಬ್ಬ ಅವ್ವ ಬಟ್ಟಿ ಬದಲಿಸಲಾಕ ತನ್ನ ಮನಿಗೆ ಕರೆದ್ಳು. ಚೊಂಬಿನಾಗ ನೀರು ಕೊಟ್ಳು. ಅಂಗಳದಾಗ ಮೀನು ಒಣಹಾಕಿದ್ರು. ಮೀನಿನ ಮನಿ ನೀರು ಹೆಂಗ ಕುಡೀಲಿ ಅಂತ "ಈಗ ಕುಡಿದೇನವ್ವ" ಅಂದು ಇನ್ನೊಂದು ಸುಳ್ಳು ಹೇಳಿದೆ. ಇನ್ನ ಯಾರೂ ಕೇಳೂದು ಬ್ಯಾಡ ಅಂತ ಅಲ್ಲೇ ಕರಡಿಗಿನೂ ಕೊರಳಿಂದ ತಗದೆ. ಸೈಕಲ್ ಚೀಲದಾಗ ಇಟ್ಟೇನಿ ಅಂತಲೇ ತಿಳ್ಕೊಂಡಿದ್ದೆ.

ಮರುದಿನ ಹೊನ್ನಾವರದಾಗ ಜಳಕಾ ಮಾಡಿ ಪೂಜಿಗೆ ಕೂತು ಚೀಲದಾಗ ಕೈ ಹಾಕಿದ್ರ ಏನೂ ಇಲ್ಲ. ಪೂಜಿ ಆಗದ ನಾ ನೀರು ಮುಟ್ಟಾಕಿ ಅಲ್ಲ. ಜ್ವರದಾಗ, ಹೆರಿಗ್ಯಾಗ ಸೈತ ಮೈ ಬಿಟ್ಟಿರದ ಲಿಂಗ, ಸತ್ತಮ್ಯಾಲೂ ನನ್ನ ಕೂಡೇ ಮಣ್ಣಿಗೆ ಬರೂ ಲಿಂಗ. ಅದನ್ನ ಒಂದು ಟೀಶರ್ಟಿನ ಸಲುವಾಗಿ ತಗದಿದ್ದೆ.

ಸೈಕಲ್ ಹಿಂದಕ ತಿರುಗಿಸಿದ್ವಿ. ಔಷಧಿ ಕಳದದ ಅಂತ ನಂಬಿ ಪುಣೆದಾಕಿನೂ ಬೆನ್ನ ಹತ್ತಿದ್ಳು. ಹಾದ್ಯಾಗಿನ ಅಂಗಡಿಯಾಗ ನನಗಂತ ದಮ್ಮಿನ ಪಂಪ್ ಸೈತ ಕೊಂಡು ಕೊಟ್ಳು. ಅದನ್ನ ಕೈಯಾಗ ಹಿಡಕೊಂಡಾಗ ಭೂಮಿ ಬಾಯಿ ಬಿಡಬಾರದೇನು ಅನ್ನಿಸ್ತು.

"ಒಂದು ಗುಟುಕು ನೀರರ ಕುಡಿ, ಬಿಸಲಾಗ ಬಿದ್ದೀ" ಅಂದ್ರು ಮನಿಯವ್ರು.

"ಒಲ್ಲೆರಿ. ಸಿಗೂತನ ಒಲ್ಲೆ."

"ಸಿಗಲೇ ಇಲ್ಲಂದ್ರ?"

ನಾ ಪೆಡಲ್ ಇನ್ನೂ ಜೋರು ತುಳಿದೆ. ಚಹಾದಂಗಡಿ ನೋಡಿದ್ವಿ, ದಂಡಿ ನೋಡಿದ್ವಿ. ಉಸುಕಿನಾಗ ಕೂತು ಅತ್ತೆ. "ಗುರುವೇ, ನಿನಗ ಡಬ್ಬಿ ಅಂದೆ, ತಪ್ಪಾತು. ನನಗ ಸಿಗದಿದ್ರೂ ಅಡ್ಡಿಯಿಲ್ಲ, ಯಾರ ಕಾಲಾಗೂ ಬೀಳಬ್ಯಾಡ" ಅಂತ ಬೇಡ್ಕೊಂಡೆ.

"ಆ ಅವ್ವನ ಮನಿ ಒಂದು ಉಳದದ ನೋಡು" ಅಂದ್ರು ಮನಿಯವ್ರು. ಆಕಿ ಕೊಟ್ಟ ನೀರು ಒಲ್ಲೆ ಅಂದು ಬಂದ ನನಗ ಅಲ್ಲಿ ಹೋಗಲಾಕ ಮಾರಿ ಇರಲಿಲ್ಲ. ಹೋದ್ರ, ಆಕಿ ಬಾಗಲಾಗೇ ನಿಂತಿದ್ಳು. ಮೀನಿನ ಬುಟ್ಟಿ ಬೋರಲು ಬಿದ್ದಿತ್ತು.

"ಬನ್ರಾ ತಂಗಿ. ನಾನು ಪೇಟೆಗೆ ಹೋಗಿ, ನೀವು ಬಂದಾಗ ಬಾಗ್ಲು ಹಾಕಿದ್ರೆ ಹೆಂಗ್ರಾ? ಅದಕ್ಕೆ ಹೋಗ್ಲಿಲ್ಲ" ಅಂದ್ಳು.

ಒಳಗ ಆಕಿ ಮನಿ ದೇವರ ದೀಪದ ಬಾಜೂಕ ನನ್ನ ಕರಡಿಗಿ ಇತ್ತು, ಮ್ಯಾಲೊಂದು ದಾಸವಾಳ.

"ಮೊಳೆಗೆ ನೇತಾಕಿದ್ರಿ. ಮಿಂದು ಬಂದೇ ಎತ್ತಿಟ್ಟೆ, ತೆರೆದು ನೋಡ್ಲಿಲ್ಲ. ಇದು ಯಾವ ದೇವ್ರು ತಂಗಿ?"

ಪುಣೆದಾಕಿ ನನ್ನ ಹಿಂದೇ ನಿಂತಿದ್ಳು. ಆಕಿಗೂ ತಿಳಿಯೂ ಹಂಗ ಎರಡೂ ಭಾಷಾದಾಗ ಹೇಳಿದೆ: "ಇದು ನನ್ನ ಲಿಂಗ. ಔಷಧಿ ಡಬ್ಬಿ ಅಲ್ಲ. ನನಗ ದಮ್ಮೂ ಇಲ್ಲ."

"ಹೇಳಬೇಕಿತ್ತಲ್ಲ, ನಾ ನಗ್ತಿದ್ನೇನು?" ಅಂದ್ಳು ಪುಣೆದಾಕಿ. ಅಷ್ಟೇ ಅಂದ್ಳು.

"ಅವ್ವಾ, ಒಂದು ಚೊಂಬು ನೀರು ಕೊಡ್ತೀರೇನು?" ಅಂತ ಕೇಳ್ದೆ. ಅದೇ ಚೊಂಬು ಬಂತು. ಆಕಿ ಮನಿ ಜಗಲಿ ಮ್ಯಾಲ ನಾ ಕೂತು, ಆ ನೀರಿಲೆ ಲಿಂಗಕ್ಕ ಮಜ್ಜನ ಮಾಡಿ, ಅದನ್ನೇ ಕರುಣೋದಕ ಅಂತ ಕುಡಿದೆ.

ಈಗ ಸೈಕಲ್ ಹೊಡಿಯೂವಾಗ ಕರಡಿಗಿ ಟೀಶರ್ಟಿನ ಮ್ಯಾಲೇ ಇರ್ತದ. ಕೇಳಿದವರಿಗೆ ಹೇಳ್ತೇನಿ. ಗುರು ನನ್ನ ಕೈ ಬಿಡಲಿಲ್ಲ, ಬಿಡಂಗಿಲ್ಲ ಅನ್ನೂದು ಗಟ್ಟಿ ಆಗ್ಯದ. ಆದ್ರ ನಾ ಗಟಗಟಾ ಕುಡಿಯೂದು ನೋಡಿ ಆ ಅವ್ವ "ಇನ್ನೂ ಬೇಕ್ರಾ?" ಅಂತ ಚೊಂಬು ಇಸ್ಕೊಂಡು ಒಳಗ ಹೋದದ್ದು ನೆನಪಾದ್ರ, ಇವತ್ತಿಗೂ ತಲಿ ತಗ್ಗತದ.