ದ್ವೀಪದ ದಾರಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದ್ವೀಪದ ಕಡಲಂಚಿನ ಕಾಲುದಾರಿಯಲ್ಲಿ ಒಬ್ಬ ಹೆಂಗಸು ಹೆಗಲಿಗೆ ಗುದ್ದಲಿ ಏರಿಸಿ, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು ನಡೆಯುತ್ತಿದ್ದಾರೆ. ಗಾಳಿಗೆ ಬಿದ್ದ ಕೊಂಬೆಯನ್ನು ಬದಿಗೆ ಎಳೆಯುತ್ತಾರೆ. ಅಲುಗಾಡುವ ಮೆಟ್ಟಿಲಿನ ಕೆಳಗೆ ಕಲ್ಲಿನ ಚೂರು ತುರುಕಿ, ತಾವೇ ಮೇಲೆ ನಿಂತು ನೋಡುತ್ತಾರೆ. ತಿರುವಿನಲ್ಲಿ ಮಾತ್ರ ಕಾಲು ಮುಂದಿಡುವುದಿಲ್ಲ. ಟಿಟ್ಟಿಭ ಹಕ್ಕಿಯೊಂದು ಅವರ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಿದೆ. ದಾರಿಯ ನಟ್ಟನಡುವೆ, ಕಲ್ಲುಗಳ ಸಂದಿಯಲ್ಲಿ, ಕಲ್ಲಿನದೇ ಬಣ್ಣದ ಮೊಟ್ಟೆಗಳು.

"ಅಯ್ಯೋ, ಇದು ನಾನೇ ಮಾಡ್ಕೊಂಡಿದ್ದು!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಕೆಸರಿನಲ್ಲಿ ಯಾರೂ ಜಾರದಿರಲಿ ಎಂದು ಕಳೆದ ವಾರ ದಂಡೆಯಿಂದ ನುಣುಪು ಕಲ್ಲು ಹೊತ್ತು ತಂದು ಹಾಸಿದವರು ಇವರೇ. "ಜನಕ್ಕೆ ಅಂತ ಹಾಸಿದ್ದು. ಇವಳು ಬಾಣಂತಿ ಕೋಣೆ ಅಂದ್ಕೊಂಡ್ಲು."

ರಜೆ ಕಳೆಯಲು ಬಂದವರಿಗೆ ಈಕೆಯ ಪರಿಚಯವಿಲ್ಲ. ಊರವರ ಬಾಯಲ್ಲಿ ದಾರಿಯಕ್ಕ. ದಾರಿ ನೋಡಿಕೊಳ್ಳುವುದು ಮೊದಲು ಅವರ ಗಂಡನ ಕೆಲಸವಾಗಿತ್ತು. "ಅವರ ಮೊಣಕಾಲು ಕೈಕೊಡ್ತು, ಗುದ್ದಲಿ ನನ್ನ ಕೈಗೆ ಬಂತು," ಎಂದು ನಗುತ್ತಾರೆ.

ಇನ್ನು ಸ್ವಲ್ಪ ಹೊತ್ತಿಗೆ ಪ್ರವಾಸಿಗರನ್ನು ಹೊತ್ತ ಮೊದಲ ಲಾಂಚ್ ಬರುತ್ತದೆ. ಡಾಲ್ಫಿನ್ ಕಾಣುವ ಬಂಡೆಗೆ ಇರುವುದು ಇದೊಂದೇ ದಾರಿ. ಯಾರದೋ ಒಂದು ಹೆಜ್ಜೆ ಬಿದ್ದರೆ ಮೊಟ್ಟೆಗಳ ಕಥೆ ಮುಗಿಯಿತು. ದಾರಿಯಕ್ಕ ತಿರುವಿಗೆ ಹಗ್ಗ ಕಟ್ಟಿ, ಮೇಲಿನ ಮುಳ್ಳುಪೊದೆ ಸವರಿ ಬಳಸುದಾರಿ ಮಾಡತೊಡಗುತ್ತಾರೆ.

ಗೆಸ್ಟ್ ಹೌಸ್ ನಡೆಸುವ ನಾದಿನಿ ಏದುಸಿರು ಬಿಡುತ್ತ ಬರುತ್ತಾರೆ. "ಏನತ್ತಿಗೆ ಇದು? ನಮ್ಮಲ್ಲಿಗೆ ಬಂದೋರು ನಿಮ್ಮ ಹಗ್ಗ ನೋಡ್ಕೊಂಡು ಹೋಗಬೇಕಾ?"

"ಮೆಲ್ಲಗೆ ಮಾತಾಡು ತಾಯಿ. ಕಿರುಚೋಕೆ ಆಗಲೇ ಒಬ್ಬಳಿದ್ದಾಳೆ. ಬಗ್ಗಿ ನೋಡು."

ನಾದಿನಿ ಬಗ್ಗಿ ನೋಡುತ್ತಾರೆ. ಸರ್ರನೆ ತಿರುಗಿ ಹೊರಟುಹೋಗುತ್ತಾರೆ. ಮತ್ತೆ ಬಂದಾಗ ಅವರ ತಲೆಯ ಮೇಲೆ ಗೆಸ್ಟ್ ಹೌಸಿನ ಎಲ್ಲ ಕೋಣೆಗಳ ಕಾಲೊರಸುಗಳು! ಬಳಸುದಾರಿಯ ಹಸಿ ಮಣ್ಣಿನ ಮೇಲೆ ಒಂದೊಂದಾಗಿ ಹಾಸುತ್ತ, "ನೀವು ಇಲ್ಲೂ ಕಲ್ಲು ಹಾಕಿದ್ರೆ ನಾಳೆ ಇನ್ನೊಬ್ಬಳು ಬಂದು ಮಲಗ್ತಾಳೆ," ಎಂದು ಚುಚ್ಚುತ್ತಾರೆ.

ಲಾಂಚ್ ಬರುತ್ತದೆ. ಪ್ರವಾಸಿಗರು ಕಾಲೊರಸುಗಳ ಮೇಲೆ ಸಾಲಾಗಿ, ನಗುತ್ತ, ನಡೆದುಹೋಗುತ್ತಾರೆ. ಹಗ್ಗದ ಕಡೆ ಓಡಹೊರಟ ಮೊಮ್ಮಗಳನ್ನು ಅಜ್ಜ ಒಬ್ಬರು ಎತ್ತಿಕೊಂಡು, ತುಟಿಗೆ ಬೆರಳಿಟ್ಟು ಮೊಟ್ಟೆ ತೋರಿಸುತ್ತಾರೆ. ಅವರ ಹಿಂದಿದ್ದವರೆಲ್ಲ ಯಾರೂ ಹೇಳದೆಯೇ ದನಿ ತಗ್ಗಿಸುತ್ತಾರೆ.

ಹಕ್ಕಿ ಮಾತ್ರ ಇಳಿಯುತ್ತಿಲ್ಲ. ಬಿಸಿಲು ಏರಿ ಮೊಟ್ಟೆಗಳು ಬಿಸಿಯಾಗುತ್ತಿವೆ. ದಾರಿಯಕ್ಕನಿಗೆ ಅವುಗಳಿಂದ ಕಣ್ಣು ಕೀಳಲಾಗುತ್ತಿಲ್ಲ. ಪಕ್ಕದಲ್ಲಿ ಕುಳಿತ ನಾದಿನಿ ಸೆರಗಿನ ಪಿನ್ನು ತೆಗೆದು, ಅತ್ತಿಗೆಯ ಅಂಗೈಗೆ ನೆಟ್ಟ ಮುಳ್ಳನ್ನು ಕೀಳುತ್ತಿದ್ದಾರೆ.

ಕೊನೆಗೂ ಟಿಟ್ಟಿಭ ದೂರದಲ್ಲಿ ಇಳಿಯುತ್ತದೆ. ನಾಲ್ಕು ಹೆಜ್ಜೆ ಓಡಿ, ನಿಂತು, ಅತ್ತಿತ್ತ ನೋಡಿ, ಮೊಟ್ಟೆಗಳ ಮೇಲೆ ಮೈಯುಬ್ಬಿಸಿ ಕೂರುತ್ತದೆ.

"ಮರಿ ಹೊರಗೆ ಬರೋತನಕ ಜೋರು ಮಳೆ ಬರದಿದ್ರೆ ಸಾಕು, ಇನ್ನೇನೂ ಬೇಡ," ಎನ್ನುತ್ತಾರೆ ದಾರಿಯಕ್ಕ. ಆಮೇಲೆ ಹೆಮ್ಮೆಯಿಂದ ಪಿಸುಗುಟ್ಟುತ್ತಾರೆ: "ಈ ದಾರೀಲಿ ಎಷ್ಟೋ ಜನ ನಡೆದುಹೋದ್ರು. ಇವಳೊಬ್ಬಳು ನಂಬಿ ಕೂತಳು."