ಅವ್ವನ ಕಿವಿಯಲ್ಲಿ ಹೇಳಿದ ಮಾತು

ನಾನು ಚಿಕ್ಕವಳಿದ್ದಾಗ ನಮ್ಮವ್ವನಿಗೆ ನಾನೇ ನಾಲಿಗೆ, ನಾನೇ ಕಿವಿ. ನಗಬೇಡಿ ಮಕ್ಕಳೇ, ಖರೇನೇ ಹೇಳುತ್ತಿದ್ದೇನೆ. ನಿಮ್ಮಜ್ಜಿ ಬೇಗ ಮದುವೆಯಾಗಿ ಬೇಗ ಅಜ್ಜಿಯಾದವಳು, ಇನ್ನೂ ಐವತ್ತು ತುಂಬಿಲ್ಲ, ಮರೆವು ಬಂದಿಲ್ಲ. ಸಾವಿರದ ಒಂಬೈನೂರ ತೊಂಬತ್ತರ ಆಸುಪಾಸಿನ ಮಾತಿದು. ರೈಲ್ವೆಯಲ್ಲಿದ್ದ ಅಪ್ಪನಿಗೆ ಗದಗಿನಿಂದ ಬನಾರಸಿಗೆ ವರ್ಗವಾಯಿತು. ಅಕ್ಕ ಹತ್ತನೇ ತರಗತಿಯಲ್ಲಿದ್ದಳು. ಅವಳನ್ನು ಗದಗಿನಲ್ಲೇ ಅಜ್ಜಿಯ ಹತ್ತಿರ ಬಿಟ್ಟು ನಾವು ಮೂವರೇ ಬಂದೆವು. ಕಂಟೋನ್ಮೆಂಟಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಯ ಮನೆ. ರೈಲು ಹೋದಾಗಲೆಲ್ಲ ಅಡುಗೆಮನೆಯ ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು.

ನನಗೆ ಕಾಲೊನಿಯ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಲೇ ಹಿಂದಿ ಬಂದುಬಿಟ್ಟಿತು. ಆಟದ ಹಿಂದಿ ಬಂತು, ಪುಸ್ತಕದ ಹಿಂದಿ ಬರಲಿಲ್ಲ. ಅದಕ್ಕೇ ಶಾಲೆಯಲ್ಲಿ ಎರಡು ಕ್ಲಾಸು ಕೆಳಗೆ ಕೂರಿಸಿದರು, ನನ್ನ ಓದು ಅಲ್ಲಿಗೇ ಕುಂಟಿತು. ಅವ್ವನಿಗೆ ಮಾತ್ರ ಹಿಂದಿಯ ಒಂದಕ್ಷರವೂ ಬರಲಿಲ್ಲ. ಅವಳು ಗದಗಿನ ಪಕ್ಕದ ಸಣ್ಣ ಹಳ್ಳಿಯವಳು. ತರಕಾರಿಯವನು ಬಂದರೆ ನನ್ನನ್ನು ಕೂಗುತ್ತಿದ್ದಳು, ಹಾಲಿನವನು ಬಂದರೂ ನನ್ನನ್ನೇ. ಜೋಳದ ಹಿಟ್ಟು ಸಿಗದ ಆ ಊರಿನಲ್ಲಿ ಸಜ್ಜೆ ಹಿಟ್ಟಿನಲ್ಲೇ ಪಟಪಟ ಅಂತ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿಗೆ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಏನೋ ಹೇಳಿ ನಗುತ್ತಿದ್ದರು. ಕೆಟ್ಟವರಲ್ಲ ಅವರು. ಆದರೂ ಅವ್ವ ಬರಬರುತ್ತ ಬಾಗಿಲು ಹಾಕಿಕೊಂಡೇ ರೊಟ್ಟಿ ಬಡಿಯತೊಡಗಿದಳು.

ಅಪ್ಪ ಬಹಳ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ಮನೆಯಲ್ಲೇ ಇರುತ್ತಿರಲಿಲ್ಲ! ಪಾರ್ಸೆಲ್ ಆಫೀಸಿನ ಕೆಲಸ ಮುಗಿದರೆ ನಾವು ಹೋಗುತ್ತಿದ್ದ ಚರ್ಚಿನ ಗಂಡಸರ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದ. ಅಲ್ಲಿ ಯಾರೂ ಇಲ್ಲದ ರೋಗಿಗಳಿಗೆ ಹಾಲು ಬ್ರೆಡ್ಡು ಕೊಟ್ಟು, ಪ್ರಾರ್ಥನೆ ಮಾಡಿ, ಅವರ ಕಾಲೊತ್ತಿ ಬರುತ್ತಿದ್ದ. "ನೆರೆಯವರನ್ನ ಪ್ರೀತಿಸೂದಂದ್ರ ಬರೇ ಬಾಯಿಮಾತಲ್ಲ ಯವ್ವಾ, ಕೈಯಿಂದ ಮಾಡಿ ತೋರಸಬೇಕು," ಅಂತ ನನಗೆ ಹೇಳುತ್ತಿದ್ದ. ಅವ್ವ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು. ಅಪ್ಪ ಬಂದು ಉಂಡು, ಎರಡು ಮಾತೂ ಆಡದೆ ನಿದ್ದೆ ಹೋಗುತ್ತಿದ್ದ. ಇಡೀ ದಿನ ಹಿಂದಿ ಆಡಿ ಅವನಿಗೆ ಸಾಕಾಗಿರುತ್ತಿತ್ತು. ಇಡೀ ದಿನ ಕನ್ನಡ ಕೇಳದೆ ಅವ್ವನಿಗೆ ಹಸಿವಾಗಿರುತ್ತಿತ್ತು.

ಒಮ್ಮೆ ಅಪ್ಪ ನಮ್ಮನ್ನು ಪೇಟೆಗೆ ಕರೆದುಕೊಂಡು ಹೋಗಿದ್ದಾಗ ಜಂಗಮವಾಡಿಯ ಓಣಿಯಲ್ಲಿ ನಾಲ್ಕಾರು ಹೆಂಗಸರು ಕನ್ನಡ ಮಾತಾಡುತ್ತ ಹೋಗುತ್ತಿದ್ದರು. ಕಾಶಿಯಾತ್ರೆಗೆ ಬಂದು ಅಲ್ಲಿಯ ಮಠದಲ್ಲಿ ಇಳಿದವರು. ಬಳೆಯ ರೇಟು ಜಾಸ್ತಿಯಾಯಿತು ಅಂತ ಜಗಳವಾಡುತ್ತಿದ್ದರು, ಅಷ್ಟೇ. ಅವ್ವ ಅಪ್ಪನ ಕೈಬಿಟ್ಟು ಅವರ ಹಿಂದೆಯೇ ನಡೆದಳು. ಮಾತಾಡಿಸಲಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತ ಹೋದಳು. ಬಳೆಯ ಜಗಳವನ್ನು ಹಾಡು ಕೇಳಿದಂತೆ ಕೇಳಿದಳು. ಬನಾರಸಿನಲ್ಲಿ ಅವಳು ದಾರಿ ನೆನಪಿಟ್ಟುಕೊಂಡ ಜಾಗ ಅದೊಂದೇ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಚಳಿಗಾಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಚರ್ಚಿನ ಮುಂದೆ ನಿಂತರೂ ಮೇಲಿನ ಶಿಲುಬೆ ಕಾಣುತ್ತಿರಲಿಲ್ಲ. ಒಳಗೆ ಮೇಣದ ವಾಸನೆ, ಒದ್ದೆ ಉಣ್ಣೆಯ ವಾಸನೆ. ಗಂಡಸರು ಬಲಗಡೆ, ಹೆಂಗಸರು ಎಡಗಡೆ ಕೂರುತ್ತಿದ್ದರು. ನಾನು ಅವ್ವನಿಗೆ ಅಂಟಿಕೊಂಡು ಕೂತು, ಪಾದ್ರಿ ಹಿಂದಿಯಲ್ಲಿ ಹೇಳಿದ್ದನ್ನು ಅವಳ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ. ಗೊತ್ತಾಗದ್ದನ್ನು ಬಿಟ್ಟುಬಿಡುತ್ತಿದ್ದೆ. ಒಮ್ಮೊಮ್ಮೆ ನಾನೇ ಏನಾದರೂ ಸೇರಿಸುತ್ತಲೂ ಇದ್ದೆ, ದೇವರು ಕ್ಷಮಿಸಲಿ.

ಅವತ್ತು ಪಾದ್ರಿ ಕೈಯೆತ್ತಿ, "ಸಂಸಾರ್ ಸೇ ದಿಲ್ ಮತ್ ಲಗಾಓ! ಸಂಸಾರ್ ಆಜ್ ಹೈ, ಕಲ್ ನಹೀಂ!" ಅಂದರು. ಇದು ನನಗೆ ಬಲು ಸುಲಭವಾಯಿತು. ಸಂಸಾರ ಅಂತ ನಮ್ಮ ಕನ್ನಡದ ಮಾತೇ ಬಂತಲ್ಲ! ಖುಷಿಯಿಂದ ಅವ್ವನ ಕಿವಿಗೆ ಬಾಯಿಟ್ಟೆ: "ಸಂಸಾರದ ಮ್ಯಾಲೆ ಪ್ರೀತಿ ಇಡಬ್ಯಾಡ್ರಿ. ಸಂಸಾರ ಇವತ್ತ ಇರತದ, ನಾಳೆ ಇರೂದಿಲ್ಲ."

ಅವ್ವ ನನ್ನ ಕಡೆ ತಿರುಗಿದಳು. "ಸಂಸಾರ ಅಂದ್ರ? ಗಂಡ ಹೆಂಡ್ತಿ?"

"ಮತ್ತೇನು? ಗಂಡ, ಹೆಂಡ್ತಿ, ಮಕ್ಕಳು."

ಅದೇ ಹೊತ್ತಿಗೆ ಬಲಗಡೆಯಿಂದ ಎಲ್ಲರಿಗಿಂತ ಜೋರಾಗಿ "ಆಮೆನ್!" ಅಂತ ಕೇಳಿಸಿತು. ಅದು ನಮ್ಮಪ್ಪನ ದನಿ. ಅವ್ವ ನನ್ನ ಕೈಯಲ್ಲಿದ್ದ ತನ್ನ ಕೈ ಬಿಡಿಸಿಕೊಂಡಳು. ಮುಂದಿನ ಮಾತು ಹೇಳಲು ಹೋದರೆ, "ಸಾಕು ಬಿಡು," ಅಂದಳು.

ಆರಾಧನೆ ಮುಗಿದ ಮೇಲೆ ಅಪ್ಪ ನಮ್ಮನ್ನು ಮನೆಗೆ ಬಿಟ್ಟು ಸೈಕಲ್ ಹತ್ತಿ ಆಸ್ಪತ್ರೆಗೆ ಹೋದ. ಅವ್ವ ಮಂಚದ ಕೆಳಗಿನ ಟ್ರಂಕು ಎಳೆದಳು. ಎರಡು ಸೀರೆ, ನನ್ನ ಎರಡು ಫ್ರಾಕು, ಅಕ್ಕನಿಗೆಂದು ಹೆಣೆಯುತ್ತಿದ್ದ ಅರ್ಧ ಸ್ವೆಟರು ಇಟ್ಟಳು. ಅಪ್ಪನ ಊಟ ಮುಚ್ಚಿಟ್ಟಳು. ತಟ್ಟೆಯ ಕೆಳಗೆ ಒಂದು ಚೀಟಿ ಬರೆದಿಟ್ಟಳು. ನಾನು ಎಲ್ಲಿಗೆ ಅಂತ ಕೇಳಿದೆ. "ಜಂಗಮವಾಡಿಗೆ. ಯಾತ್ರೆಗೆ ಬಂದ ನಮ್ಮ ಕಡೆ ಮಂದಿ ಯಾರರ ಇರತಾರ. ಅವರ ಜೋಡಿ ಊರಿಗೆ ಹೋಗೂಣು."

"ಅಪ್ಪ?"

"ಅವರಿಗೆ ದೇವರು ಅದಾನ. ಆಸ್ಪತ್ರಿ ಮಂದಿ ಅದಾರ."

ಸೈಕಲ್ ರಿಕ್ಷಾದಲ್ಲಿ ಟ್ರಂಕನ್ನು ಕಾಲಡಿ ಇಟ್ಟುಕೊಂಡು ಕೂತೆವು. ಅಕ್ಕನನ್ನು ನೋಡುವ ಆಸೆ ಒಂದು ಕಡೆ. ಸಂಜೆ ಬಂದು ಖಾಲಿ ಮನೆ ನೋಡುವ ಅಪ್ಪ ಇನ್ನೊಂದು ಕಡೆ. ಗೋದೌಲಿಯಾ ಹತ್ತಿರ ಒಂದು ದೊಡ್ಡ ಗೂಳಿ ರಸ್ತೆಯ ನಡುವೆ ಮಲಗಿತ್ತು. ರಿಕ್ಷಾಗಳು, ಸ್ಕೂಟರುಗಳು, ಒಂದು ಮದುವೆಯ ಬ್ಯಾಂಡು, ಎಲ್ಲ ಅದನ್ನು ಸುತ್ತುಹಾಕಿ ಹೋಗಬೇಕಿತ್ತು. ನಮ್ಮ ರಿಕ್ಷಾದವನು ಮುದುಕ, ಬಾಯ್ತುಂಬ ಪಾನು. ಅವನು ಇಳಿದು ನಿಂತು, ಗೂಳಿಯನ್ನು ತನ್ನ ಮೊಮ್ಮಗನನ್ನು ನೋಡುವಂತೆ ನೋಡಿ ಹೇಳಿದ: "ದೇಖ್ ಬಿಟಿಯಾ, ಪೂರಾ ಸಂಸಾರ್ ಘೂಮ್ ಆಓ, ಬನಾರಸ್ ಜೈಸಾ ಕಹೀಂ ನಹೀಂ!"

ನಾನು ಚಕಿತಳಾದೆ. ಪೂರಾ ಸಂಸಾರ ಸುತ್ತಿ ಬಂದರೂ ಬನಾರಸಿನಂಥದ್ದು ಎಲ್ಲೂ ಇಲ್ಲ ಅನ್ನುತ್ತಾನಲ್ಲ, ಸಂಸಾರ ಸುತ್ತಿ ಬರುವುದೆಂದರೇನು? ಈ ಮುದುಕನಿಗೆ ಎಷ್ಟು ಜನ ಹೆಂಡಿರು? "ಬಾಬಾ, ಆಪ್‌ಕಾ ಸಂಸಾರ್ ಕಿಧರ್ ಹೈ?" ಅಂದು ಅವನ ಸಂಸಾರ ಎಲ್ಲಿದೆ ಅಂತ ಕೇಳಿಯೇಬಿಟ್ಟೆ.

ಅವನು ಪಾನು ಉಗಿದು, ಕೈ ಚಾಚಿ ಸುತ್ತ ತೋರಿಸಿದ. "ಅರೇ, ಈ ಸಬ್! ಈ ಆಸ್ಮಾನ್, ಈ ಸಡಕ್, ಈ ಸಾಂಡ್! ಸಂಸಾರ್ ಮಾನೆ ದುನಿಯಾ!"

ದುನಿಯಾ! ಅಂದರೆ ಲೋಕ. ಈ ಆಕಾಶ, ಈ ರಸ್ತೆ, ಈ ಗೂಳಿ. ಆಟದ ಹಿಂದಿಯಲ್ಲಿ ಲೋಕಕ್ಕೆ ನಾವು ದುನಿಯಾ ಅನ್ನುತ್ತಿದ್ದೆವು, ಅದೊಂದೇ ನನಗೆ ಗೊತ್ತಿದ್ದದ್ದು. ಪಾದ್ರಿ ಹೇಳಿದ್ದು ಲೋಕದ ಆಸೆಗೆ ಬೀಳಬೇಡಿ ಅಂತ. ಗಂಡ ಹೆಂಡಿರ ಸುದ್ದಿಗೇ ಅವರು ಹೋಗಿರಲಿಲ್ಲ! ನಾನು ಅವ್ವನ ತೋಳು ಹಿಡಿದು ಅಲ್ಲಾಡಿಸಿದೆ. "ಅವ್ವಾ, ತಪ್ಪಾತು! ನಾ ತಪ್ಪ ಹೇಳೀನಿ! ಇವರ ಸಂಸಾರ ಅಂದ್ರ ಲೋಕ! ಅಪ್ಪ ಆಮೆನ್ ಅಂದಿದ್ದು ಅದಕ್ಕ! ತಿರುಗಿ ಮನಿಗೆ ಹೋಗೂಣು ನಡಿ!"

ಅವ್ವ ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. "ಮುಂದ ಹೋಗು ಅನ್ನು ಅವಗ," ಅಂದಳು.

"ಯಾಕವ್ವಾ?"

"ನೀ ತಪ್ಪ ಹೇಳಿದಿ, ಸರಿ. ನಿಮ್ಮಪ್ಪ ಹಂಗ ಅನ್ನೂದಿಲ್ಲ ಅಂತ ನನಗ ಒಂದ್ ಗಳಿಗೀನೂ ಅನಸಲಿಲ್ಲಲ್ಲ? ಕೇಳಿದ ಕೂಡ್ಲೆ ಖರೇ ಅಂತ ನಂಬಿದೆ. ಅದ್ಯಾಕ?"

ನಾನು ಮುದುಕನಿಗೆ ಮುಂದೆ ಹೋಗಲು ಹೇಳಿದೆ. ರಿಕ್ಷಾ ಮುಂದೆ ಹೋಯಿತು.

ಜಂಗಮವಾಡಿಯ ಓಣಿಯಲ್ಲಿ ಒಂದು ಕಟ್ಟೆಯ ಮೇಲೆ ನಮ್ಮ ಕಡೆಯ ಮೂವರು ಹೆಂಗಸರು ಬಿಸಿಲು ಕಾಯಿಸುತ್ತ ಕೂತಿದ್ದರು. ಹಣೆಯ ಮೇಲೆ ವಿಭೂತಿ, ಕಾಲಲ್ಲಿ ಚಳಿಗೆಂದು ಮಕ್ಕಳ ಸಾಕ್ಸು. ಟ್ರಂಕು ಹೊತ್ತು ನಿಂತ ಅವ್ವನನ್ನು ಹಿರಿಯಾಕೆ ನೋಡಿ, "ಯಾವೂರವ್ವಾ ತಂಗಿ?" ಅಂದಳು. ಅಷ್ಟೇ ಸಾಕಾಯಿತು. ಅವ್ವ ಟ್ರಂಕಿನ ಮೇಲೇ ಕೂತು ಅತ್ತಳು. ನಮ್ಮ ದೇವರು ಯಾರು, ಜಾತಿ ಯಾವುದು ಅಂತ ಅವರು ಕೇಳಲಿಲ್ಲ. ಹುರಿಗಡಲೆ ಚಟ್ನಿಪುಡಿ, ಊರಿನಿಂದ ತಂದ ಒಣಗಿದ ಕಟಕ್ ರೊಟ್ಟಿ ಕೊಟ್ಟರು. ಅವ್ವ ತಿಂದಳು, ಮಾತಾಡಿದಳು. ಮಳೆ, ಮೆಣಸಿನಕಾಯಿ, ಅಕ್ಕನ ಪರೀಕ್ಷೆ, ಸಜ್ಜೆ ರೊಟ್ಟಿ ಒಡೆಯುವುದು, ಏನೆಲ್ಲ! ಎರಡು ವರ್ಷದಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಓಣಿಯ ತುದಿಯಲ್ಲಿ ಅಪ್ಪ ಕಾಣಿಸಿದ. ಆ ಚಳಿಯಲ್ಲೂ ಬೆವರಿದ್ದ. ಕೈಯಲ್ಲಿ ಚೀಟಿ ಇತ್ತು. ಅವ್ವನಿಗೆ ಗೊತ್ತಿರುವ ಜಾಗ ಇದೊಂದೇ ಅಂತ ನೇರ ಇಲ್ಲಿಗೇ ಬಂದಿದ್ದ. ಚೀಟಿಯಲ್ಲಿ ಒಂದೇ ಸಾಲು ಇತ್ತು: ಪಾದ್ರಿಯವರು ಹೇಳಿದಂತೆ ನಡೆದಿದ್ದೇನೆ, ನೀವೂ ಆಮೆನ್ ಅಂದಿರಲ್ಲ.

"ಏನಿದು? ನಾ ಯಾವುದಕ್ಕ ಆಮೆನ್ ಅಂದೆ?" ಅಪ್ಪ ಚೀಟಿ ಮುಂದೆ ಹಿಡಿದು ಕೇಳಿದ.

ನಾನು ಅಳುತ್ತಳುತ್ತ ಸಂಸಾರದ ಕಥೆಯೆಲ್ಲ ಹೇಳಿದೆ. ಗೂಳಿಯನ್ನೂ ಬಿಡಲಿಲ್ಲ. ಅಪ್ಪ ಮೊದಲು ಜೋರಾಗಿ ನಕ್ಕ. ಆಮೇಲೆ ಅವ್ವನ ಮುಖ ನೋಡಿದ, ನಗು ಅಲ್ಲೇ ನಿಂತಿತು.

ಆಗ ಆ ಹಿರಿಯಾಕೆ ಸಾಕ್ಸಿನ ಕಾಲು ಆಡಿಸುತ್ತ ಅಂದಳು, "ಏನಪಾ ತಮ್ಮಾ, ನಿನ್ನ ಹೇಂತಿ ಜೋಡಿ ನಾಕು ಮಾತಾಡಾಕ ನಾವು ರೈಲು ಹತ್ತಿ ಕಾಶಿಗೆ ಬರಬೇಕೇನು? ನಿನಗ ಕನ್ನಡ ಬರೂದಿಲ್ಲೇನು?"

ಉಳಿದವರಿಬ್ಬರು ಸೆರಗಿನಲ್ಲಿ ನಕ್ಕರು. ಅಪ್ಪನ ಕಿವಿ ಕೆಂಪಾಯಿತು. ಅವನು ಕಟ್ಟೆಯ ಕೆಳಗೆ, ಅವ್ವನ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟ. ಅಷ್ಟು ಜನರ ಮುಂದೆ! "ದೇವರ ಮುಂದ ನಿನ್ನ ಕೈಹಿಡಿದು ಮಾತು ಕೊಟ್ಟಾವ ನಾನು," ಅಂದ. "ಬ್ಯಾರೆ ಹೆಣ್ಣಿನ ಕಡೆ ಕಣ್ಣೆತ್ತಿ ನೋಡಲಿಲ್ಲ, ಮಾತು ಉಳಿಸೀನಿ ಅಂತ ತಿಳಕೊಂಡಿದ್ದೆ. ಊರ ಮಂದೀನೆಲ್ಲ ನೆರೆಯವರು ಅಂದೆ. ಎಲ್ಲರಕಿಂತ ಹತ್ತಿರದ ನೆರೆಯಾಕಿ ನೀ. ನಿನ್ನ ಒಂದಿನಾನೂ ಮಾತಾಡಸಾಕ ಬರಲಿಲ್ಲ."

ಅವ್ವ ಕಟಕ್ ರೊಟ್ಟಿಯ ಚೂರೊಂದನ್ನು ಅವನ ಕೈಗೆ ಕೊಟ್ಟಳು. "ಮುಂಜಾನಿಂದ ಏನೂ ತಿಂದಿಲ್ಲ ನೀವು," ಅಂದಳು. ಟ್ರಂಕು ಸೈಕಲ್ಲಿನ ಹಿಂದೆ ಕೂತಿತು, ನಾವು ಮೂವರು ನಡೆದೇ ಮನೆಗೆ ಹೋದೆವು. ದಾರಿಯುದ್ದಕ್ಕೂ ಅಪ್ಪ ಅಂಗಡಿಯ ಬೋರ್ಡುಗಳನ್ನೆಲ್ಲ ಅವ್ವನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದ. ನನ್ನ ಬಾಯಿಗೆ ಕೆಲಸವೇ ಇರಲಿಲ್ಲ.

ಮುಂದಿನ ಭಾನುವಾರ ಇನ್ನೊಂದು ಸಂಗತಿ ನಡೆಯಿತು. ಅಪ್ಪ ಚರ್ಚಿನ ಒಳಗೆ ಬಂದು ಬಲಗಡೆಗೆ ತಿರುಗಲಿಲ್ಲ. ನೆಟ್ಟಗೆ ಎಡಗಡೆಗೆ, ಹೆಂಗಸರ ನಡುವೆ ಬಂದು ಅವ್ವನ ಪಕ್ಕ ಕೂತ! ಎಲ್ಲರೂ ಕತ್ತು ತಿರುಗಿಸಿ ನೋಡಿದರು. ಗಂಡಸರ ಕಡೆಯಿಂದ ಕೆಮ್ಮು, ಹೆಂಗಸರ ಕಡೆಯಿಂದ ಕಿಸಿಕಿಸಿ. ಪಾದ್ರಿ ಕನ್ನಡಕ ಸರಿಪಡಿಸಿಕೊಂಡು ನೋಡಿದರು, ಪ್ರಸಂಗ ಶುರುಮಾಡಿದರು. ಅಪ್ಪ ಬಗ್ಗಿ ಅವ್ವನ ಕಿವಿಯಲ್ಲಿ ಕನ್ನಡ ಹೇಳತೊಡಗಿದ. ಆಸ್ಪತ್ರೆಗೆ ಹೋಗುವುದನ್ನೂ ಬಿಡಲಿಲ್ಲ. ಅವತ್ತಿನಿಂದ ಅವ್ವನೂ ಜೊತೆಗೆ ಹೋದಳು. ಮಾತು ಬಾರದ ಮುದುಕಿಯರ ತಲೆ ಬಾಚಿ ಬರುತ್ತಿದ್ದಳು, ಅದಕ್ಕೆ ಹಿಂದಿ ಬೇಕಾಗಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅಪ್ಪ ಗದಗಿಗೇ ಮರಳಿದ. ಅಲ್ಲಿ ಎಲ್ಲವೂ ಕನ್ನಡ, ಕಿವಿಯಲ್ಲಿ ಹೇಳುವುದೇನೂ ಇರಲಿಲ್ಲ. ಆದರೂ ಅವನು ಚರ್ಚಿನಲ್ಲಿ ಕೊನೆಯವರೆಗೂ ಅವ್ವನ ಪಕ್ಕದಲ್ಲೇ ಕೂತ. ಜನ ಚೇಷ್ಟೆ ಮಾಡಿದರೆ, "ನನ್ನ ಸಂಸಾರ್ ಇಲ್ಲೇ ಐತ್ರಿ," ಅನ್ನುತ್ತಿದ್ದ. ಹಿಂದಿಯವರ ಹಾಗೆ ಎಳೆದು ಅನ್ನುತ್ತಿದ್ದ. ಅವ್ವ ಮೊಣಕೈಯಿಂದ ತಿವಿಯುತ್ತಿದ್ದಳು.

ಈಗ ನಿಮ್ಮ ಕಾಲ, ಪುಟ್ಟಿ. ನಿಮ್ಮ ಫೋನಿಗೆ ಎಲ್ಲ ಭಾಷೆಯೂ ಬರುತ್ತದೆ. ಮೊನ್ನೆ ನಿನ್ನ ತಮ್ಮ ಅದಕ್ಕೆ ಸಂಸಾರ್ ಅಂದರೇನು ಅಂತ ಕೇಳಿದ, ಲೋಕ ಅಂತ ಥಟ್ಟನೆ ಹೇಳಿತು. ಆ ಗೂಳಿ, ಆ ಮುದುಕ, ಆ ರಿಕ್ಷಾ ಏನೂ ಬೇಕಾಗಲಿಲ್ಲ. ಒಳ್ಳೆಯದೇ. ನಮ್ಮವ್ವನ ಹಾಗೆ ಯಾರೂ ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯಬಾರದು. ಆದರೆ ನಿಮ್ಮ ಮನೆಯಲ್ಲಿ ನಾಲ್ಕು ಜನ ನಾಲ್ಕು ಕಡೆ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಾಗ ನನಗೆ ಒಮ್ಮೊಮ್ಮೆ ಮಾತಿಲ್ಲದ ಆ ಕ್ವಾರ್ಟರ್ಸಿನ ಲೋಟಗಳ ಸದ್ದು ಕೇಳಿಸುತ್ತದೆ.

ಹೋದ ಭಾನುವಾರ ನೀವು ನನ್ನನ್ನು ನಿಮ್ಮ ಇಂಗ್ಲಿಷ್ ಆರಾಧನೆಗೆ ಕರೆದುಕೊಂಡು ಹೋದಿರಿ. ನನಗೆ ಇಂಗ್ಲಿಷ್ ಎಲ್ಲಿ ಬರಬೇಕು? ಗೋಡೆ ನೋಡುತ್ತ ಕೂತಿದ್ದೆ. ಆಗ ಪುಟ್ಟಿ, ನೀನು ಬೆಂಚಿನ ಆ ತುದಿಯಿಂದ ಸರಿದು ಸರಿದು ನನ್ನ ಹತ್ತಿರ ಬಂದೆ. ನಿನ್ನ ಬಿಸಿಯುಸಿರು ನನ್ನ ಕಿವಿಗೆ ತಾಗಿತು. "ಅಜ್ಜಿ, ಅವರು ಏನಂತಾರೆ ಅಂದ್ರೆ..." ಅಂತ ಶುರುಮಾಡಿದೆ. ಎಷ್ಟು ಸರಿ ಹೇಳಿದೆಯೋ, ಎಷ್ಟು ತಪ್ಪು ಹೇಳಿದೆಯೋ, ಆ ದೇವರಿಗೇ ಗೊತ್ತು. ಖುಷಿಯಲ್ಲಿ ನನಗೆ ಒಂದಕ್ಷರವೂ ನೆನಪುಳಿದಿಲ್ಲ ಕಂದಾ, ನೀನು ಸರಿದು ಬಂದದ್ದೊಂದೇ ನೆನಪಿದೆ. ಮುಂದಿನ ಭಾನುವಾರ ನನ್ನ ಪಕ್ಕ ನಿನಗೆ ಜಾಗ ಹಿಡಿದಿಟ್ಟಿರುತ್ತೇನೆ.